ವಾಡೆ ಊರಿನ ಮದುವೆಯೂಟ

“ಭಾಭಿ, ಒಂದು ಮಾತು ನೆನಪಿಡ್ರಿ. ಎರಡನೇ ಗೇರ್ ಹಾಕುವಾಗ ಈ ಮನುಷ್ಯಾ ಗಾಡಿಗೆ ಬೈಬಾರದು. ಬೈದ್ರ ಬೀಳಂಗಿಲ್ಲ. ಪ್ರೀತೀಲೆ ಹೇಳಬೇಕು.”

ಹೀಗೆ ಹೇಳಿ ಮುಷರಫ ತನ್ನ ಹಳೆಯ ಕಾರಿನ ಕೀಲಿಯನ್ನು ಗೆಳೆಯ ಜ್ಯೋತಿಬಾನಿಗೆ ಕೊಡದೆ ಅವನ ಹೆಂಡತಿ ರಾಜಶ್ರೀಯ ಕೈಯಲ್ಲಿಟ್ಟ.

“ಏ ಮುಂಡಗೋಡ ಮೆಕ್ಯಾನಿಕ್, ನನಗ ಗಾಡಿ ಕಲಸ್ತಿ ಏನಲೇ?” ಎಂದ ಜ್ಯೋತಿಬಾ.

“ಗಾಡಿ ನಿನಗ ಬರತೈತಿ ಬಿಡೋ. ನಾ ಕಲಸಾಕತ್ತಿದ್ದು ಪ್ರೀತಿ.”

ಗಂಡಸರಿಬ್ಬರೂ ಗೊಳ್ಳೆಂದು ನಕ್ಕರು. ರಾಜಶ್ರೀ ಕೀಲಿ ಹಿಡಿದುಕೊಂಡು ನೆಲ ನೋಡಿದಳು. ಅಂಗಳದಲ್ಲಿ ಬೇರೆ ದೇಶದ ಡ್ರೈವರುಗಳೂ ನಿಂತಿದ್ದರು. ಇವರ ನಗೆ ಅಷ್ಟು ಜೋರಾಗಿ ಇರಬೇಕಿತ್ತೇ ಎಂದು ಅವಳಿಗೆ ಅನ್ನಿಸಿತು.

ಅದು ಲಿಥುವೇನಿಯಾ ದೇಶದ ಒಂದು ಲಾರಿ ಕಂಪನಿಯ ಡ್ರೈವರುಗಳ ವಸತಿ. ದಾಂಡೇಲಿಯಲ್ಲಿ ಪೇಪರ್ ಮಿಲ್ಲಿನ ಕೆಲಸಗಾರನ ಮಗನಾಗಿ ಹುಟ್ಟಿ, ಘಟ್ಟದ ದಾರಿಯಲ್ಲಿ ಲಾರಿ ಓಡಿಸಿ ಪಳಗಿದ ಜ್ಯೋತಿಬಾ ಇಲ್ಲಿಗೆ ಬಂದು ಕೆಲವು ವರ್ಷಗಳಾಗಿದ್ದವು. ಹಳಿಯಾಳದ ಇಂಗ್ಲಿಷ್ ಶಾಲೆಯ ಟೀಚರ್ ರಾಜಶ್ರೀಯನ್ನು ಅವನು ಮದುವೆಯಾದದ್ದು ಹೋದ ಫೆಬ್ರವರಿಯಲ್ಲಿ. ಕಂಪನಿ ಕೊಟ್ಟ ರಜೆಯೆಲ್ಲ ಬೀಗರ ಮನೆಗಳ ಊಟದಲ್ಲೇ ಕಳೆದುಹೋಗಿತ್ತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೆಟ್ಟಗೆ ನೋಡುವ ಮೊದಲೇ ಅವನು ವಿಮಾನ ಹತ್ತಿದ್ದ.

ಸಂಬಂಧ ತಂದವಳು ರಾಜಶ್ರೀಯ ಸೋದರತ್ತೆ ಗೋದುಬಾಯಿ. ಅವಳು ಮೊಬೈಲಿನಲ್ಲಿ ತೋರಿಸಿದ ಫೋಟೋದಲ್ಲಿ ಜ್ಯೋತಿಬಾ ಬಿಳಿ ಕಂಬಗಳ ದೊಡ್ಡದೊಂದು ವಾಡೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. “ಹುಡುಗ ಇರೂ ಊರು ನೋಡವಾ! ದೇಸಾಯರ ವಾಡೇನೂ ಇದರ ಮುಂದ ಗುಡಿಸಲಾ,” ಎಂದಿದ್ದಳು ಗೋದುಬಾಯಿ. ಮಾತು ಹಳಿಯಾಳದ ಪೇಟೆ ದಾಟಿ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಹುಡುಗ ಆ ವಾಡೆಯಲ್ಲೇ ಇರುತ್ತಾನೆ ಎಂದಾಗಿತ್ತು. ರಾಜಶ್ರೀ ಅದನ್ನು ನಂಬಿರಲಿಲ್ಲ. ಆದರೆ ಗೆಳತಿಯರು ಹಾಗೆಂದು ಕಾಡಿಸಿದಾಗ ತಿದ್ದಿಯೂ ಇರಲಿಲ್ಲ.

ಈಗ ದಸರಾ ಸೂಟಿಗೆ ಬಂದಿದ್ದಳು. ಹೊರಡುವಾಗ ಅಪ್ಪನಿಗೆ ಸ್ಪಷ್ಟವಾಗಿ ಹೇಳಿದ್ದಳು: “ಹೋಗಿ ನೋಡ್ತೇನಿ. ಅಲ್ಲಿ ಇರಾಕ ಆಗತೈತೋ ಇಲ್ಲೋ, ನೋಡಿ ಹೇಳ್ತೇನಿ. ಆಗಂಗಿಲ್ಲ ಅಂದ್ರ ಯಾರೂ ನನ್ನ ಒತ್ತಾಯ ಮಾಡಬಾರದು.” ಶಾಲೆಯ ಕೆಲಸ ಬಿಡುವುದೋ ಉಳಿಸಿಕೊಳ್ಳುವುದೋ ಎಂಬುದನ್ನೂ ಹಿಂದಿರುಗಿದ ಮೇಲೆ ಹೇಳಬೇಕಿತ್ತು. ಇದೆಲ್ಲ ಜ್ಯೋತಿಬಾನಿಗೆ ಗೊತ್ತಿತ್ತು. ಆದರೂ ಅವನು ಒಮ್ಮೆಯೂ “ಏನು ಮಾಡ್ತಿ?” ಎಂದು ಕೇಳಿರಲಿಲ್ಲ. ಅವಳು ಬಂದ ಮೇಲೂ ಕಂಪನಿ ಅವನನ್ನು ಜರ್ಮನಿಗೆಂದು ಕಳಿಸಿ, ಅಲ್ಲಿಂದ ಇನ್ನೂ ಮುಂದಕ್ಕೆ ಓಡಿಸಿತ್ತು. ಇವತ್ತು ಶನಿವಾರ. ಸೋಮವಾರ ಅವಳ ವಿಮಾನ. ಇವತ್ತಾದರೂ ಫೋಟೋದಲ್ಲಿದ್ದ ಆ ವಾಡೆ ಊರನ್ನು ತೋರಿಸುತ್ತೇನೆಂದು ಅವನು ಹಟ ಹಿಡಿದು ರಜೆ ಹಾಕಿದ್ದ.

ಅವಳು ನೀಲಿ ರೇಷ್ಮೆ ಸೀರೆ ಉಟ್ಟು, ಮೇಲೆ ಬಿಳಿ ಸ್ವೆಟರ್ ಹಾಕಿದ್ದಳು. ಅವನು ಮಾತ್ರ ಕಂಪನಿಯ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿದ್ದ. ಬೆನ್ನಿನ ಮೇಲೆ ಹೊಳೆಯುವ ಬೆಳ್ಳಿ ಪಟ್ಟಿ. ಕತ್ತಲಲ್ಲಿ ಲಾರಿಯಿಂದಿಳಿದ ಡ್ರೈವರ್ ದೂರದಿಂದ ಕಾಣಲಿ ಎಂದು ಹೊಲಿದದ್ದು.

“ಬ್ಯಾರೆ ಕೋಟ್ ಇಲ್ಲೇನ್ರಿ?”

“ಇದು ಭಾಳ ಬೆಚ್ಚಗ ಇರತೈತಿ. ಯಾಕ, ಛಲೋ ಕಾಣವಲ್ದೇನು?”

“ಭಾಳ ದೂರದಿಂದ ಕಾಣತೈತಿ.”

ಅವನು ಅದನ್ನು ಹೊಗಳಿಕೆಯೆಂದೇ ತಿಳಿದ.

ಕಾರು ಪೈನ್ ಮರಗಳ ಕಾಡಿನ ನಡುವೆ ಹೊರಟಿತು. “ನಮ್ಮ ಜೋಯಿಡಾ ಕಾಡಿನಂಗ ಐತಿ ನೋಡು,” ಎಂದ. ಆಮೇಲೆ ತಾನೇ ತಿದ್ದಿಕೊಂಡ. “ಆದರ ಬಳ್ಳಿ ಇಲ್ಲ, ಮಂಗ್ಯಾ ಇಲ್ಲ. ಎಲ್ಲಾ ಗಿಡಾ ಸಾಲಿ ಹುಡುಗರಂಗ ಲೈನ್ ಹಚ್ಚಿ ನಿಂತಾವು. ನಿನಗ ಸೇರಬೇಕು.”

ಒಂದು ಏರಿನಲ್ಲಿ ಗೇರ್ ಕಚ್ಚಿಕೊಂಡಿತು. ಜ್ಯೋತಿಬಾ ಬಾಯಿಗೆ ಬಂದ ಬೈಗುಳವನ್ನು ನುಂಗಿ, ಗೇರಿನ ಗುಂಡಿಯ ಮೇಲೆ ಅಂಗೈಯಿಟ್ಟು ಮೆಲ್ಲಗೆ, “ಬಾರವಾ ನನ್ನ ಬಂಗಾರಾ,” ಎಂದ. ಗೇರ್ ಬಿತ್ತು. ಅವನ ಕಣ್ಣು ರಸ್ತೆ ಬಿಟ್ಟು ಅರೆಕ್ಷಣ ಅವಳ ಕಡೆ ಹರಿಯಿತು.

“ಗೇರಿಗೆ ಹೇಳಿದ್ರೋ, ನನಗೋ?”

“ಯಾರು ಮಾತು ಕೇಳ್ತಾರೋ ಅವರಿಗೆ.”

ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಗಾಜಿನಲ್ಲಿ ತನ್ನ ನಗೆ ಅವನಿಗೆ ಕಾಣುತ್ತದೆ ಎಂಬುದು ಹೊಳೆದದ್ದು ತಡವಾಗಿ. ಇಂಥ ಹೊತ್ತಿನಲ್ಲಿ ಅವನು ಅವಳಿಗೆ ಬಹಳ ಹಿಡಿಸುತ್ತಿದ್ದ. ಹಿಡಿಸದೇ ಇರುತ್ತಿದ್ದದ್ದು ನಾಲ್ಕು ಜನರ ನಡುವೆ. ಪೆಟ್ರೋಲ್ ಬಂಕಿನ ಹೋಟೆಲಿನಲ್ಲಿ ಅವನು ಸೊರ್‍ರೆಂದು ಚಹಾ ಹೀರುತ್ತಿದ್ದ. ಅಂಗಡಿಯವಳೊಡನೆ, ಜೊತೆಯ ಡ್ರೈವರುಗಳಿಂದ ಕಲಿತ ಅರ್ಧ ರಷ್ಯನ್, ಅರ್ಧ ಕನ್ನಡದಲ್ಲಿ ದೊಡ್ಡ ಗಂಟಲಲ್ಲಿ ಮಾತಾಡುತ್ತಿದ್ದ. ಅವಳು ಮೆಲ್ಲಗೆ ಇಂಗ್ಲಿಷಿನಲ್ಲಿ ತಿದ್ದಿದರೆ, “ಮಾತು ಮುಟ್ಟಿತಲ್ಲ, ಸಾಕು ಬಿಡು,” ಎನ್ನುತ್ತಿದ್ದ. ಆಗೆಲ್ಲ ಅವಳು ಎರಡು ಹೆಜ್ಜೆ ಹಿಂದೆ ಸರಿದು ಏನನ್ನೋ ನೋಡುವವಳಂತೆ ನಿಲ್ಲುತ್ತಿದ್ದಳು.

ಊರು ಬಲು ಚಿಕ್ಕದು. ಒಂದು ಚರ್ಚು, ಒಂದು ಚೌಕ, ಹೂವಿನ ಕುಂಡಗಳಿದ್ದ ಮರದ ಮನೆಗಳು. ಆಮೇಲೆ ಎತ್ತರದ ಕಬ್ಬಿಣದ ಗೇಟು. ಗೇಟಿನಾಚೆ ಉದ್ದಕ್ಕೂ ಹಳದಿಯಾದ ಮರಗಳು, ಎಲೆಗಳ ಹಾಸಿಗೆ, ಅದರ ತುದಿಯಲ್ಲಿ ಬಿಳಿ ಕಂಬಗಳ ಆ ವಾಡೆ.

ರಾಜಶ್ರೀ ನಿಂತುಬಿಟ್ಟಳು. ಫೋಟೋದಲ್ಲಿ ಇದ್ದದ್ದಕ್ಕಿಂತ ಅದು ದೊಡ್ಡದಾಗಿತ್ತು, ಸುಮ್ಮನಿತ್ತು. ಒಂದು ಕಾಲದಲ್ಲಿ ಯಾರೋ ಜಹಗೀರದಾರ ಕಟ್ಟಿಸಿದ್ದಂತೆ. ಈಗ ಮ್ಯೂಸಿಯಂ. ಪಕ್ಕದಲ್ಲಿ ಕೆರೆ, ಕೆರೆಗೆ ಸಣ್ಣ ಸೇತುವೆ.

“ಹೆಂಗೈತಿ?” ಎಂದ ಜ್ಯೋತಿಬಾ, ತಾನೇ ಕಟ್ಟಿಸಿದವನಂತೆ.

“ಕೆರಿ ಚಂದ ಐತಿ.”

“ಕೆರಿ? ನಮ್ಮ ಸೂಪಾ ಡ್ಯಾಮಿನ ಮುಂದ ಇದು ಬಚ್ಚಲಾ!”

“ಮೆಲ್ಲಗ ಮಾತಾಡ್ರಿ.”

“ಇಲ್ಲೆ ಯಾರಿಗೆ ಕನ್ನಡ ತಿಳೀತೈತಿ?”

“ದನಿ ತಿಳೀತೈತಲ್ಲ.”

ಅವನು ಬಾಯಿ ಮೇಲೆ ಬೆರಳಿಟ್ಟುಕೊಂಡು, ತಪ್ಪು ಮಾಡಿದ ಹುಡುಗನಂತೆ ಕಣ್ಣರಳಿಸಿದ. ಅವಳಿಗೆ ನಗೆ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸೇತುವೆಯ ಮೇಲೆ ಗದ್ದಲ ಎದ್ದಿತು. ಮದುವೆಯ ದಿಬ್ಬಣ. ಕೋಟು ತೊಟ್ಟ ಮದುಮಗ ಬಿಳಿ ಉಡುಪಿನ ಮದುಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸೇತುವೆ ದಾಟುತ್ತಿದ್ದ. ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಹೆಂಡತಿಯನ್ನು ಎತ್ತಿಕೊಂಡು ಸೇತುವೆ ದಾಟುವುದು ಈ ದೇಶದ ಪದ್ಧತಿಯೆಂದು ಜ್ಯೋತಿಬಾ ವಿವರಿಸಿದ. ವಿವರಿಸಿ ಸೇತುವೆ ನೋಡಿದ, ಅವಳನ್ನು ನೋಡಿದ, ತೋಳು ಏರಿಸಿದ.

“ಬ್ಯಾಡ್ರಿ, ಮಾನಾ ಕಳೀಬ್ಯಾಡ್ರಿ!” ಎಂದು ಅವಳು ಸೆರಗು ಬಿಗಿದು ಹಿಂದೆ ಸರಿದಳು.

“ಸಿಮೆಂಟಿನ ಚೀಲಾ ಎತ್ತಿದ ಕೈ ಇವು.”

“ನಾ ಸಿಮೆಂಟಿನ ಚೀಲಾ ಏನು?”

“ಅದಕ್ಕಿಂತಾ ಹಗರ. ಮಾತು ಅಷ್ಟ ವಜ್ಜಾ.”

ದಿಬ್ಬಣ ವಾಡೆಯ ಹಳೆಯ ಕುದುರೆ ಲಾಯದ ಕಡೆ ಹೊರಟಿತು. ಆ ಲಾಯವನ್ನೇ ಈಗ ಮದುವೆಯ ಹಾಲ್ ಮಾಡಿದ್ದರು. ಬಾಗಿಲಲ್ಲಿ ಎದೆಗೆ ಅಡ್ಡಪಟ್ಟಿ ಧರಿಸಿದ ಹಿರಿಯನೊಬ್ಬ ಕಸೂತಿ ಬಟ್ಟೆಯ ಮೇಲೆ ದುಂಡನೆಯ ರೊಟ್ಟಿ ಇಟ್ಟುಕೊಂಡು ಬಂದವರನ್ನೆಲ್ಲ ನಗುತ್ತ ಒಳಗೆ ಕರೆಯುತ್ತಿದ್ದ. ಇವರಿಬ್ಬರೂ ದಾರಿಯಲ್ಲಿದ್ದರು. ಹಿಂದೆಯೂ ಜನ, ಮುಂದೆಯೂ ಜನ. ಹಿರಿಯ ಇವರತ್ತಲೂ ನೋಡಿ ತಲೆಬಾಗಿ ಏನೋ ಅಂದ.

“ಕರದ್ರು ನೋಡು,” ಎಂದ ಜ್ಯೋತಿಬಾ.

“ನಮ್ಮನ್ನಲ್ಲರಿ. ಹಿಂದಿನವರನ್ನ.”

“ನಮ್ಮ ಮಾರೀ ನೋಡೇ ಕರದ್ರಲ್ಲ! ಮದುವಿ ಮನ್ಯಾಗ ಊಟಕ್ಕ ಬಾ ಅಂದಾಗ ಒಲ್ಲೆ ಅಂದ್ರ ಅವರಿಗೆ ಕೆಟ್ಟ ಅನಸತೈತಿ.”

“ನಾವು ಯಾರಂತ ಅವರಿಗೆ ಗೊತ್ತಿಲ್ಲ.”

“ನಿಮ್ಮಪ್ಪನ ಮನಿ ಮದುವ್ಯಾಗ ಉಂಡವರನ್ನೆಲ್ಲಾ ನಿಮ್ಮಪ್ಪ ಗುರ್ತಾ ಹಿಡದಿದ್ರೇನು? ಬಸ್ ಕಂಡಕ್ಟರ್ ಉಂಡಾ. ಕಬ್ಬಿನ ಗ್ಯಾಂಗಿನವರು ಕುಡಗೋಲು ಗ್ವಾಡಿಗಿಟ್ಟು ಉಂಡ್ರು. ನಿಮ್ಮಪ್ಪ ತಾನೇ ನಿಂತು ಬಡಿಸಿದ್ರು.”

ಅದು ನಿಜ. ಹಳಿಯಾಳದಲ್ಲಿ ಮದುವೆಯ ಪಂಕ್ತಿಯಲ್ಲಿ ಕೂತವನನ್ನು ಯಾವ ಕಡೆಯವನೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮನೆಯವರ ಮರ್ಯಾದೆಯೇ ಹೋಗುತ್ತದೆ. ಚಳಿ ಬೇರೆ. ಒಳಗಿನಿಂದ ಬೆಣ್ಣೆಯ, ಬೇಯಿಸಿದ ಆಲೂಗಡ್ಡೆಯ ಬಿಸಿ ವಾಸನೆ ಬರುತ್ತಿತ್ತು. ಬೆಳಿಗ್ಗೆ ಅವಳು ತಿಂದದ್ದು ಎರಡು ಬ್ರೆಡ್ಡು.

ಒಳಗೆ ಹೋದರು. ಹಳೆಯ ತೊಲೆಗಳಿಗೆಲ್ಲ ದೀಪದ ಸರ. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ಜ್ಯೋತಿಬಾ ಪಂಕ್ತಿಯಲ್ಲಿ ಜಾಗ ಹಿಡಿಯುವ ಚುರುಕಿನಲ್ಲಿ ಎರಡು ಕುರ್ಚಿ ಎಳೆದ. ಎದುರಿಗಿದ್ದ ಹೆಂಗಸೊಬ್ಬಳು ರಾಜಶ್ರೀಯ ಸೀರೆ ನೋಡಿ “ಬ್ಯೂಟಿಫುಲ್” ಎಂದಳು. ರಾಜಶ್ರೀ “ಥ್ಯಾಂಕ್ಯೂ” ಎಂದಳು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ತಾನು ಸರಿಯಾದ ಜಾಗದಲ್ಲಿ ಕೂತಿದ್ದೇನೆ ಎನಿಸಿತು ಅವಳಿಗೆ. ವಸತಿಯ ಉಳ್ಳಾಗಡ್ಡಿ ವಾಸನೆ ಇಲ್ಲ, ಡೀಸೆಲ್ ಇಲ್ಲ.

ಆಗ ತಟ್ಟೆಯ ಪಕ್ಕದಲ್ಲಿದ್ದ ಸಣ್ಣ ಕಾರ್ಡು ಕಣ್ಣಿಗೆ ಬಿತ್ತು. ಅದರಲ್ಲಿ ಬಳುಕುವ ಅಕ್ಷರಗಳಲ್ಲಿ ಒಂದು ಹೆಸರು. ಪಕ್ಕದ ತಟ್ಟೆಗೆ ಇನ್ನೊಂದು ಹೆಸರು. ಪ್ರತಿ ತಟ್ಟೆಗೂ ಒಂದೊಂದು. ಅವಳಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಇಲ್ಲಿ ಪಂಕ್ತಿಯಿಲ್ಲ. ಇಲ್ಲಿ ಪ್ರತಿಯೊಂದು ಕುರ್ಚಿಗೂ ಒಬ್ಬ ಒಡೆಯನಿದ್ದಾನೆ.

ಆಗಲೇ ಏಳಬೇಕಿತ್ತು. ಅವಳು ಏಳಲಿಲ್ಲ. ಎದುರಿನ ಹೆಂಗಸು ಇನ್ನೂ ನಗುತ್ತಿದ್ದಳು, ಸೂಪು ಬರುತ್ತಿತ್ತು. ರಾಜಶ್ರೀ ಬೆರಳ ತುದಿಯಿಂದ ಕಾರ್ಡನ್ನು ಬೋರಲು ಮಾಡಿ ತಟ್ಟೆಯಂಚಿನ ಕೆಳಗೆ ಸರಿಸಿದಳು. ಜ್ಯೋತಿಬಾ ಇದಾವುದನ್ನೂ ನೋಡಲಿಲ್ಲ. ಅವನು ಪಕ್ಕದ ಮುದುಕನಿಗೆ ರೊಟ್ಟಿ ಬಡಿಸುತ್ತಿದ್ದ.

ಮೊದಲು ಬಂದದ್ದು ಕಪ್ಪು ಉಡುಪಿನ, ಕಿವಿಗೆ ತಂತಿ ಹಾಕಿಕೊಂಡಿದ್ದ ಹುಡುಗಿ. ಮದುವೆಯ ವ್ಯವಸ್ಥೆ ನೋಡುವವಳು. ನೂರು ಕೋಟುಗಳ ನಡುವೆ ಕಿತ್ತಳೆ ಜಾಕೆಟ್ಟು ಅವಳಿಗೆ ಕಾಣದೆ ಇರುವುದಾದರೂ ಹೇಗೆ? ಅವಳು ಜ್ಯೋತಿಬಾನ ಬಳಿ ಬಾಗಿ ಇಂಗ್ಲಿಷಿನಲ್ಲಿ ಮೆಲ್ಲಗೆ, ನೀವು ಬಸ್ಸಿನ ಡ್ರೈವರೇ, ಡ್ರೈವರುಗಳಿಗೆ ಊಟ ಹಿಂದೆ ಅಡುಗೆಮನೆಯ ಬದಿಗಿದೆ, ಎಂದಳು. ಮರ್ಯಾದೆಯಿಂದಲೇ ಹೇಳಿದಳು. ಜ್ಯೋತಿಬಾ “ಯೆಸ್, ಡ್ರೈವರ್, ಡ್ರೈವರ್” ಎಂದು ಖುಷಿಯಿಂದ ತಲೆಯಾಡಿಸಿದ. ನಾಲ್ಕಾರು ಮುಖಗಳು ಇತ್ತ ತಿರುಗಿದವು.

ಹುಡುಗಿ ರಾಜಶ್ರೀಯನ್ನು ಕೇಳಿದಳು: ಇವರು ನಿಮ್ಮ ಜೊತೆಯವರೇ?

ರಾಜಶ್ರೀಯ ಕಿವಿ ಬಿಸಿಯಾದವು. ಎದುರಿನ ಹೆಂಗಸಿನ ನಗೆ ಅರ್ಧಕ್ಕೆ ನಿಂತದ್ದು ಕಂಡಿತು.

“ನೋ,” ಎಂದಳು. “ಐ ಡೋಂಟ್ ನೋ ಹಿಮ್.”

ಅಷ್ಟು ಇಂಗ್ಲಿಷ್ ಯಾವ ಲಾರಿ ಡ್ರೈವರನಿಗೂ ಬರುತ್ತದೆ.

ಜ್ಯೋತಿಬಾ ಅವಳ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವನು ಒಮ್ಮೆ ರೆಪ್ಪೆ ಬಡಿದ, ಆಮೇಲೆ ಅವಳನ್ನು ಕಾಪಾಡುವವನಂತೆ ಎದ್ದುನಿಂತು ಹುಡುಗಿಗೆ ಕೈಮುಗಿದ.

“ಶೀ ನಾಟ್ ವಿತ್ ಮಿ. ಓನ್ಲಿ ಮಿ. ಮೈ ಮಿಸ್ಟೇಕ್. ಸಾರಿ ಮೇಡಂ, ಸಾರಿ.”

ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ ಹೊರಗೆ ಹೋದ. ಜೋರಾಗಿ ನಗುವ, ಜೋರಾಗಿ ನಡೆಯುವ ಆ ಮನುಷ್ಯ ಅಷ್ಟು ಮೆಲ್ಲಗೆ ನಡೆಯಬಲ್ಲ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಹುಡುಗಿ ರಾಜಶ್ರೀಯ ಕ್ಷಮೆ ಕೇಳಿದಳು, ನಿಮಗೆ ತೊಂದರೆಯಾಯಿತು ಎಂದಳು. ರಾಜಶ್ರೀ ತಲೆಯಾಡಿಸಿದಳು. ಸೂಪು ಮುಂದೆ ಬಂತು. ಚಮಚ ಎತ್ತಿದಳು, ಮತ್ತೆ ತಟ್ಟೆಯ ಪಕ್ಕದಲ್ಲಿಟ್ಟಳು.

ಸ್ವಲ್ಪ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು. ಮದುಮಗಳ ಅಜ್ಜಿಯೇ ಇರಬೇಕು, ಎಲ್ಲರೂ ದಾರಿ ಬಿಡುತ್ತಿದ್ದರು. ಕನ್ನಡಕ ಮೂಗಿಗಿಳಿಸಿಕೊಂಡು ಮೇಜಿನುದ್ದಕ್ಕೂ ತನ್ನ ಹೆಸರು ಹುಡುಕುತ್ತ ಬಂದು ರಾಜಶ್ರೀಯ ಹತ್ತಿರ ನಿಂತಳು. ಕಪ್ಪು ಉಡುಪಿನ ಹುಡುಗಿ ಓಡಿಬಂದಳು, ಅಕ್ಕಪಕ್ಕದ ಕಾರ್ಡುಗಳನ್ನು ಓದಿದಳು, ಕಡೆಗೆ ತಟ್ಟೆಯಂಚಿನ ಕೆಳಗಿನ ಕಾರ್ಡನ್ನು ಎಳೆದು ತಿರುಗಿಸಿದಳು. ಅಜ್ಜಿಯ ಹೆಸರು ಅದರಲ್ಲಿತ್ತು. ಅದನ್ನೇ ನೋಡುತ್ತ ನಿಂತಳು. ಅಜ್ಜಿ ಮಾತ್ರ ಏನೂ ಕಾಣದವಳಂತೆ, ಏಳಹೊರಟ ರಾಜಶ್ರೀಯ ಭುಜ ಒತ್ತಿ ಕೂಡಿಸಿ, ತನ್ನ ಭಾಷೆಯಲ್ಲಿ ಏನೋ ಹೇಳಿ, ಜ್ಯೋತಿಬಾ ಬಿಟ್ಟುಹೋದ ಕುರ್ಚಿಯಲ್ಲಿ ಕೂತಳು. ಕೂತು, ರೊಟ್ಟಿಯ ಬುಟ್ಟಿಯನ್ನು ಅವಳ ಕಡೆ ಸರಿಸಿದಳು.

ಆ ರೊಟ್ಟಿ ನೋಡಿ ರಾಜಶ್ರೀಯ ಕಣ್ಣು ತುಂಬಿದವು. ಗಂಡ ಓದಲಾಗದೆ ತಪ್ಪು ಮಾಡಿದ. ತಾನು ಓದಿ ಮಾಡಿದಳು. ಹೊರಗೆ ಹೋದವನು ಅವನು.

ಅವಳು ಎದ್ದುನಿಂತು ಹುಡುಗಿಗೆ ಹೇಳಿದಳು, ಪಕ್ಕದವರಿಗೂ ಕೇಳುವ ಹಾಗೆ: ಆ ಮನುಷ್ಯ ನನ್ನ ಗಂಡ. ನಾನು ಸುಳ್ಳು ಹೇಳಿದೆ. ಕಾರ್ಡು ಬೋರಲು ಹಾಕಿದವಳೂ ನಾನೇ.

ನೆಲ ಬಿರಿಯಲಿಲ್ಲ. ಹುಡುಗಿ ಎರಡು ಕ್ಷಣ ಅವಳ ಮುಖ ನೋಡಿ “ಓಕೆ” ಎಂದಳು, ಕಿವಿಯ ತಂತಿಯಲ್ಲಿ ಯಾರಿಗೋ ಉತ್ತರ ಕೊಡುತ್ತ ಆಚೆ ಹೋದಳು. ಎದುರಿನ ಹೆಂಗಸು ಸೂಪಿನ ಕಡೆ ತಿರುಗಿದಳು. ಇಲ್ಲಿ ಯಾರಿಗೂ ತನ್ನ ನಿಜ ಬೇಕಾಗಿಲ್ಲ ಎಂದು ರಾಜಶ್ರೀಗೆ ಗೊತ್ತಾಯಿತು. ಸುಳ್ಳು ಕೇಳಿಸಿಕೊಂಡವನು ಹೊರಗಿದ್ದ.

ಕಾರಿನ ಹತ್ತಿರ ಅವನಿರಲಿಲ್ಲ. ಅಡುಗೆಮನೆಯ ಬದಿಗೆ ಡ್ರೈವರುಗಳಿದ್ದರು, ಅವರಲ್ಲೂ ಇರಲಿಲ್ಲ. ಎಲೆಗಳ ಮೇಲೆ ಸೀರೆಯ ನೆರಿಗೆ ಎತ್ತಿಕೊಂಡು ಕೆರೆಯ ಸುತ್ತ ಓಡಿದಳು. ಕೊನೆಗೆ ಕೆರೆಯಾಚೆ ಒಂದು ಬೆಂಚಿನ ಮೇಲೆ ಯಾರೋ ಬೂದುಬಣ್ಣದ ಕೋಟಿನವನು ಕೂತದ್ದು ಕಂಡಿತು. ದಾಟಿ ಹೋಗುವವಳಿದ್ದಳು. ತಲೆಯ ಗುಂಗುರು ನೋಡಿ ನಿಂತಳು.

ಅವನು ಜಾಕೆಟ್ಟನ್ನು ಒಳಹೊರಗು ಮಾಡಿ ಹಾಕಿಕೊಂಡಿದ್ದ. ಕಿತ್ತಳೆ ಬಣ್ಣವೂ ಬೆಳ್ಳಿ ಪಟ್ಟಿಯೂ ಒಳಗೆ ಹೋಗಿ, ಮಾಸಿದ ಅಸ್ತರು ಹೊರಗೆ ಬಂದಿತ್ತು. ಹೊಲಿಗೆಯ ದಾರಗಳು ಜೋತಾಡುತ್ತಿದ್ದವು.

ರಾಜಶ್ರೀ ಬೆಂಚಿನ ತುದಿಯಲ್ಲಿ ಕೂತಳು.

“ಊಟಾ ಆತೇನು?” ಎಂದ ಅವನೇ.

ಅದನ್ನು ಕೇಳಿ ಅವಳಿಗೆ ದುಃಖ ಒತ್ತಿಬಂತು. “ಬೈರಿ ನನಗ,” ಎಂದಳು.

“ಯಾಕ ಬೈಯಲಿ?”

“ನಿಮ್ಮನ್ನ ಗೊತ್ತಿಲ್ಲ ಅಂದೆ.”

“ಅದರಾಗ ಸುಳ್ಳೇನೈತಿ?” ಅವನು ಒಂದು ಎಲೆ ಎತ್ತಿ ಅದರ ತೊಟ್ಟು ತಿರುವಿದ. “ಮದುವ್ಯಾಗಿ ಎಂಟು ತಿಂಗಳಾತು. ನನ್ನ ಜೋಡಿ ನೀ ಇದ್ದಿದ್ದು ಎಷ್ಟು? ಬರೇ ಫೋನಿನ್ಯಾಗ ಮಾತಾಡಿದ್ದು. ನನ್ನ ಗೊತ್ತಿಲ್ಲ ನಿನಗ. ಖರೇನ ಹೇಳಿದಿ.”

“ಹಂಗ ಅನಬ್ಯಾಡ್ರಿ.”

“ಇನ್ನೊಂದು ಗೊತ್ತಿಲ್ಲ ನಿನಗ. ಆ ಫೋಟೋ ಇತ್ತಲ್ಲ, ವಾಡೇ ಮುಂದಿಂದು? ಲಾರಿ ರಸ್ತಾದಾಗ ನಿಲ್ಲಿಸಿ, ಮುಷರಫನ ಕಡಿಂದ ಗೇಟಿನ ಹತ್ರ ತಗಸಿದ್ದು. ಒಳಗ ಹೋಗಾಕ ನನಗ ಧೈರ್ಯ ಆಗಿರಲಿಲ್ಲ. ಎಷ್ಟೋ ಸಲ ಈ ದಾರ್ಯಾಗ ಹೋಗೇನಿ. ಗೇಟಿಗೆ ಬಂದ್ರ ಕಾಲು ನಿಂತಬಿಡತಾವು. ಏನು ಕೇಳ್ತಾರೋ, ಏನು ಹೇಳಬೇಕೋ. ರಾಜಿ ಬಂದ ಮ್ಯಾಲೆ ಹೋಗೂಣು, ಆಕಿಗೆ ಇಂಗ್ಲಿಷ್ ಬರತೈತಿ, ಆಕಿ ಬಾಜೂಕ ಇದ್ರ ಯಾರೂ ಏನೂ ಅನ್ನಂಗಿಲ್ಲ, ಅಂತ ಇದ್ದೆ.”

ರಾಜಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಅವನ ದೊಡ್ಡ ದನಿ, ಗದ್ದಲ, ಸಿಕ್ಕವರನ್ನೆಲ್ಲ ಮಾತಾಡಿಸುವ ಚಟ ಯಾವುದಕ್ಕೆಂದು ಈಗ ಕಂಡಿತು. ಅಂಜಿಕೆಯನ್ನು ಮುಚ್ಚಲು ತನಗೆ ಇಂಗ್ಲಿಷ್ ಇತ್ತು, ಅವನಿಗೆ ನಗೆ ಇತ್ತು. ಅಷ್ಟೇ ವ್ಯತ್ಯಾಸ.

“ನಾನೂ ಒಂದು ಹೇಳ್ತೇನಿ,” ಎಂದಳು. “ತಾಟಿನ ಬಾಜೂಕ ಕಾರ್ಡಿದ್ದವು. ಕೂಡ್ರೂ ಮಂದಿ ಹೆಸರು ಬರದಿದ್ರು. ನಾ ಮೊದಲ ನೋಡಿದ್ದೆ.”

“ಯಾವಾಗ?”

“ಕುಂತ ಕೂಡ್ಲೇನ.”

“ಮತ್ತ?”

“ಬೋರಲ ಹಾಕಿದೆ.”

ಅವನು ಮೊದಲ ಸಲ ಇತ್ತ ತಿರುಗಿದ. “ನೀ? ಟೀಚರ?”

“ಹೂಂ.”

“ಯಾಕ?”

“ಹಸಿವಿ ಆಗಿತ್ತು,” ಎಂದಳು ಅವಳು. ಹೇಳುತ್ತ ಹೇಳುತ್ತ ಅಳು ಒಡೆದುಬಂತು. “ಅಲ್ಲೆ ಬೆಚ್ಚಗಿತ್ತು. ಒಬ್ಬಾಕಿ ನನ್ನ ಸೀರಿ ಚಂದ ಐತಿ ಅಂದ್ಲು. ನಾನೂ ಅವರಂಗ ಒಬ್ಬಾಕಿ ಅನಿಸ್ತು. ಅದಕ್ಕ ಆಸೆ ಪಟ್ಟೆ. ಅದಕ್ಕ ನಿಮ್ಮನ್ನ ಬಿಟ್ಟುಕೊಟ್ಟೆ. ಸೀರಿ ಚಂದ ಐತಿ ಅಂದ ಒಂದು ಮಾತಿಗೆ.”

ಜ್ಯೋತಿಬಾ ಅವಳನ್ನು ನೋಡಿದ. ಕಣ್ಣು, ಮೂಗು, ಕೆಂಪಾದ ಕೆನ್ನೆ, ಜಾರಿದ ಹೆರಳು, ಒಂದೊಂದೇ. ಆಮೇಲೆ ಹೇಳಿದ: “ಸೀರಿ ಚಂದ ಐತಿ ಅಂತ ಮುಂಜಾನೇನ ಹೇಳಬೇಕಂತ ಮಾಡಿದ್ದೆ. ಮುಷರಫ ಇದ್ದಾ. ನಾಚಿಕಿ ಬಂತು.”

“ನಿಮಗ ನಾಚಿಕಿ?”

“ಯಾಕ, ಡ್ರೈವರಿಗೆ ಇರಬಾರದೇನು?”

ಅವಳು ಅಳುತ್ತಲೇ ನಕ್ಕಳು. ಆಮೇಲೆ ಅವನ ಜಾಕೆಟ್ಟಿನ ತೋಳು ಹಿಡಿದು ಎಳೆದಳು. “ಇದನ್ನ ಕಳೀರಿ. ಸೀದಾ ಹಾಕ್ಕೋರಿ.”

“ಇರಲಿ ಬಿಡು. ದೂರದಿಂದ ಕಾಣತೈತಿ ಅಂದಿದ್ದೆಲ್ಲ.”

“ಕಾಣಲಿ. ಇಷ್ಟೊತ್ತು ಹುಡುಕಿ ಸಾಕಾತು ನನಗ. ಹಾಕ್ಕೋರಿ ಅಂದ್ನೆಲ್ಲ.”

ಅವನು ಒಂದೊಂದೇ ತೋಳು ಬಿಡಿಸಿ ತಿರುಗಿಸಿ ತೊಟ್ಟ. ಅವಳು ಎದ್ದು ಅವನ ಝಿಪ್ಪನ್ನು ಕತ್ತಿನವರೆಗೆ ಎಳೆದಳು. ಅವನ ಗಲ್ಲಕ್ಕೆ ಬೆರಳು ತಾಗಿತು. ಇಬ್ಬರೂ ಬೇಗ ಬೇರೆ ಕಡೆ ನೋಡಿದರು.

“ಮದುವಿ ಮನೀಗೆ ತಿರುಗಿ ಹೋಗೂಣೇನು?” ಎಂದ.

“ಬ್ಯಾಡ್ರಿ. ಆ ಮುದುಕಿ ಮಾರಿ ನೋಡಾಕ ನನಗ ಆಗಂಗಿಲ್ಲ. ಈ ನಾಚಿಕಿ ಇವತ್ತಿಗೆ ಹೋಗೂದಲ್ಲ.” ಅವಳು ವಾಡೆಯ ಕಡೆ ನೋಡಿದಳು. “ಇದರ ಒಳಗ ಹೋಗೂಣು ನಡೀರಿ. ಇಲ್ಲೆ ದುಡ್ಡು ಕೊಟ್ಟ ಯಾರ ಬೇಕಾದರೂ ಹೋಗಬಹುದು.”

ಕಂಬಗಳ ನಡುವಿನ ಮೆಟ್ಟಿಲಲ್ಲಿ ಅವನ ಹೆಜ್ಜೆ ನಿಧಾನವಾಯಿತು. ಅವಳು ನಿಂತಳು, ಅವನು ಸಮನಾಗಿ ಬರುವ ತನಕ ಕಾದಳು. ಟಿಕೆಟ್ ಕೊಡುವ ಹೆಂಗಸು ಹೆಣಿಗೆ ಕೆಳಗಿಟ್ಟು ನೀಲಿ ಸೀರೆ ನೋಡಿದಳು, ಕಿತ್ತಳೆ ಜಾಕೆಟ್ಟು ನೋಡಿದಳು.

“ಟುಗೆದರ್?” ಎಂದು ಕೇಳಿದಳು.

ರಾಜಶ್ರೀ ಗಂಡನ ಪಕ್ಕಕ್ಕೆ ಸರಿದಳು.

“ಟುಗೆದರ್,” ಎಂದಳು. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿ ಬಂತು, ಎತ್ತರದ ಛಾವಣಿಗೆ ತಾಗಿ ಮರಳಿತು. “ಹಿ ಈಸ್ ಮೈ ಹಸ್ಬೆಂಡ್.”

ಜ್ಯೋತಿಬಾ ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಒಳಗಿನ ನೆಲ ಹಳೆಯ ಮರದ್ದು. ಗೀರು ಬೀಳದ ಹಾಗೆ ಬೂಟಿನ ಮೇಲೆಯೇ ಬಟ್ಟೆಯ ದೊಡ್ಡ ಚಪ್ಪಲಿ ಹಾಕಿಕೊಳ್ಳಬೇಕಿತ್ತು. ಜ್ಯೋತಿಬಾ ಅದನ್ನು ತೊಟ್ಟು ಒಂದು ಹೆಜ್ಜೆಯಿಟ್ಟ, ಸರ್ರನೆ ಜಾರಿದ. ರಾಜಶ್ರೀ ಅವನ ತೋಳು ಹಿಡಿದುಕೊಂಡಳು. ಹಿಡಿದ ಕೈ ಬಿಡಲಿಲ್ಲ. ಹಳೆಯ ಜಹಗೀರದಾರರ ಪಟಗಳ ಕೆಳಗೆ ಇಬ್ಬರೂ ಜಾರುತ್ತ, ತೂಗುತ್ತ ನಡೆದರು.

“ಮೆಲ್ಲಗ,” ಎಂದಳು.

“ನಾ ಮಾತೇ ಆಡಿಲ್ಲಲ್ಲ!”

“ಆಡ್ರಿ. ಸುಮ್ಮನಿದ್ರ ನನಗ ಅಂಜಿಕಿ ಬರತೈತಿ.”

ಆಗ ಅವಳ ಮೊಬೈಲು ರಿಂಗಾಯಿತು. ಹಳಿಯಾಳದಿಂದ ವೀಡಿಯೊ ಕಾಲ್. ಪರದೆಯ ತುಂಬ ಗೋದುಬಾಯಿಯ ಹಣೆ, ಅದರ ಹಿಂದೆ ಅಪ್ಪ.

“ವಾಡೇದಾಗ ಇದ್ದಿ ಏನವಾ? ತೋರಸ, ತೋರಸ!” ಎಂದು ಗೋದುಬಾಯಿ ಕೂಗಿದಳು.

ರಾಜಶ್ರೀ ಮೊಬೈಲನ್ನು ಗಂಡನ ಕಡೆ ತಿರುಗಿಸಿದಳು. ಕಿತ್ತಳೆ ಜಾಕೆಟ್ಟು, ಬಟ್ಟೆಯ ಚಪ್ಪಲಿ, ಗಾಬರಿಯಾದ ಮುಖ.

“ಏ, ಇವನ್ನ ನಾವೇ ಹುಡುಕಿದ್ದು! ವಾಡೇ ತೋರಸ ಅಂದ್ರ!”

“ಗೋದಕ್ಕಾ, ಫೋನ್ ಕೊಡಿಲ್ಲೆ,” ಎಂದ ಅಪ್ಪ. ಮುಖ ಹತ್ತಿರ ತಂದು ದನಿ ತಗ್ಗಿಸಿ ಕೇಳಿದ: “ಏನವಾ, ನೋಡಿದಿ? ಸಾಲಿಯವರು ಕೇಳಾಕತ್ತಾರ. ಏನಂತ ಹೇಳಲಿ?”

“ಇನ್ನೂ ಅವರನ್ನ ಕೇಳಿಲ್ಲಪ್ಪಾ,” ಎಂದಳು ರಾಜಶ್ರೀ. “ಕೇಳಿ ಹೇಳ್ತೇನಿ.”

“ಅವರನ್ನೇನು ಕೇಳೂದು? ನೋಡಿ ಹೇಳಾಕೆ ನೀನಲ್ಲ?”

“ಹಂಗ ಅಂತ ತಿಳ್ಕೊಂಡಿದ್ದೆ.”

ಅವಳು ಫೋನಿಟ್ಟಳು. ಕಿಟಕಿಯ ಹೊರಗೆ ಹಳದಿ ಎಲೆಗಳು ಬೀಳುತ್ತಿದ್ದವು. ಗಂಡನ ಮುಖ ನೋಡಿ ಕೇಳಲು ಅವಳಿಗೆ ಆಗಲಿಲ್ಲ. ಜಾಕೆಟ್ಟಿನ ಬೆಳ್ಳಿ ಪಟ್ಟಿಯನ್ನು ನೋಡುತ್ತ ಕೇಳಿದಳು.

“ಸಾಲಿ ಮಕ್ಕಳ ಪರೀಕ್ಷಿ ಮುಗಿಸಿ ಇಲ್ಲೇ ಇರಾಕ ಬರ್ತೇನಿ. ಬರ್ಲೇನ್ರಿ?”

ಯಾವ ಮಾತಿಗೂ ಇನ್ನೊಂದು ಮಾತು ಇಟ್ಟುಕೊಂಡಿರುತ್ತಿದ್ದ ಮನುಷ್ಯ ಅಂದು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ. ಕಡೆಗೆ ಅವಳ ತಣ್ಣಗಿನ ಕೈಯನ್ನು ತನ್ನ ಜೇಬಿನೊಳಗೆ ಎಳೆದುಕೊಂಡ.

“ಬಾ,” ಎಂದ, ಬಹಳ ಮೆಲ್ಲಗೆ.